ಬಸವನ ಗಂಟೆ ನೆನೆಯುವ ಮೊದಲು

ಹೊಂಗೆಗೆರೆಯ ಕೆರೆ ಎರಡು ವರ್ಷದಿಂದ ತುಂಬಿರಲಿಲ್ಲ. ಹಾಗಾಗಿ ಮಂಚಮ್ಮನ ಹಣೆಬರಹವೂ ಎರಡು ವರ್ಷದಿಂದ ನಿಂತಲ್ಲೇ ನಿಂತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಒಂದೂವರೆ ಮೈಲಿ ನಡೆದರೆ ಆ ಊರು. ಅಲ್ಲಿ ಮಂಚಮ್ಮನ ಗಂಡ ಚಿಕ್ಕಬೋರಯ್ಯ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತುವುದು, ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುವುದು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಯನ್ನು ಕಟ್ಟುವುದು, ಬಿಚ್ಚುವುದು, ಎಲ್ಲ ಅವನ ಕೆಲಸ. ಕೊನೆಯ ಆರು ವರ್ಷ ಅವನ ಮಂಡಿ ಹಿಡಿದುಕೊಂಡಿದ್ದರಿಂದ ತೂಬಿಗೆ ಇಳಿಯುತ್ತಿದ್ದವಳು ಮಂಚಮ್ಮನೇ. ಊರಿಗೆಲ್ಲ ಇದು ಗೊತ್ತಿತ್ತು, ಆದರೆ ಗೊತ್ತಿಲ್ಲದವರಂತೆ ಇರುವುದರಲ್ಲಿ ಆ ಊರಿನವರನ್ನು ಮೀರಿಸುವವರಿರಲಿಲ್ಲ. ಚಿಕ್ಕಬೋರಯ್ಯ ಜ್ವರ ಬಂದು ತೀರಿಕೊಂಡ ಮೇಲೆ ಮುಂದಿನ ನೀರುಗಂಟಿ ಯಾರೆಂಬ ಪ್ರಶ್ನೆ ಬಂತು.

ಅದಕ್ಕೊಂದು ಪದ್ಧತಿ ಇತ್ತು. ಕೆರೆ ತುಂಬಿ ಕೋಡಿ ಹರಿದಾಗ ಪಟೇಲರು ಕೋಡಿಬಸವನ ಎದುರಿಗೆ ನೀರುಗಂಟಿಯ ತಲೆಗೆ ಕೆಂಪಂಚಿನ ರುಮಾಲು ಸುತ್ತಬೇಕು. ಒಮ್ಮೆ ಸುತ್ತಿಸಿಕೊಂಡವನು ಸಾಯುವತನಕ ನೀರುಗಂಟಿ. ಹೆಂಗಸಿನ ತಲೆಗೆ ರುಮಾಲು ಸುತ್ತಿದ್ದನ್ನು ಊರಿನಲ್ಲಿ ಯಾರೂ ಕಂಡವರಿರಲಿಲ್ಲ. ಪಟೇಲ ಮರಿಸಿದ್ದಯ್ಯನವರಿಗೆ ತೀರ್ಮಾನ ಮಾಡುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. "ಕೆರೆ ತುಂಬ್ಲಿ, ಆಮೇಕೆ ನೋಡಾನ. ಅಲ್ಲೀಗಂಟ ಮಂಚಮ್ಮನೇ ನೋಡ್ಕಳ್ಳಿ" ಎಂದುಬಿಟ್ಟರು. ಎಲ್ಲರಿಗೂ ಸಮಾಧಾನವಾಯಿತು. ಮಳೆರಾಯನಿಗೂ ಸಮಾಧಾನವಾಗಿರಬೇಕು, ಎರಡು ವರ್ಷ ಊರ ಕಡೆ ಸರಿಯಾಗಿ ತಲೆ ಹಾಕಲಿಲ್ಲ.

ಇನ್ನೊಬ್ಬ ಉಮೇದುವಾರನೂ ಇದ್ದ. ಚಿಕ್ಕಬೋರಯ್ಯನ ಚಿಕ್ಕಪ್ಪನ ಮಗ ಸಿದ್ದರಾಮು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಎರಡು ವರ್ಷ ಕಬ್ಬು ಇಳಿಸಿ ಬಂದವನು, ಕ್ರಾಪು ಬಿಟ್ಟವನು, ಮಾತಿಗೆ ಮುಂಚೆ "ನಮ್ ಫ್ಯಾಕ್ಟರೀಲಿ" ಎನ್ನುವವನು. ಗಂಡಸು ಎನ್ನುವುದೊಂದು ಅವನ ದೊಡ್ಡ ಅರ್ಹತೆ. ಈಜು ಬಾರದು ಎನ್ನುವುದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಇನ್ನು ಆ ಬಸವನ ವಿಷಯ. ಕೋಡಿಯ ಪಕ್ಕ, ಕೆರೆಯ ಅಂಗಳದೊಳಗೇ, ಕಲ್ಲಿನ ಬಸವನೊಬ್ಬ ಕಾಲು ಮಡಿಸಿ ಕೂತಿದ್ದ. ಕೊರಳಲ್ಲಿ ಕೆತ್ತಿದ ಗಂಟೆ. ಪ್ರತಿ ವರ್ಷ ದೀಪಾವಳಿಗೆ ನೀರುಗಂಟಿ ಗರಿಕೆ ಹೆಂಟೆ, ಗೂಟ, ಕಲ್ಲು ಹಾಕಿ ಕೋಡಿಗೆ ಎದೆಮಟ್ಟ ಅಡ್ಡಗಟ್ಟೆ ಕಟ್ಟುತ್ತಿದ್ದ, ಬೇಸಿಗೆಗೆ ನಾಲ್ಕು ದಿನದ ನೀರು ಹೆಚ್ಚಿಗೆ ಸಿಗಲಿ ಎಂದು. ಎಷ್ಟೇ ಮಳೆ ಬರಲಿ, ಕೆರೆಯ ನೀರು ಏರಿ ಬಸವನ ಗಂಟೆ ನೆನೆಯುವವರೆಗೆ ಅಡ್ಡಗಟ್ಟೆ ಮುಟ್ಟುವಂತಿಲ್ಲ. ನೆನೆದ ಗಳಿಗೆಯಲ್ಲಿ ಬಿಚ್ಚದೆ ಇರುವಂತಿಲ್ಲ. ಅಜ್ಜಂದಿರ ಕಾಲದಿಂದ ಬಂದ ಈ ಕಟ್ಟಳೆಯನ್ನು ಮೀರಿದವರಿಲ್ಲ, ಕೆರೆ ಒಡೆದದ್ದೂ ಇಲ್ಲ.

ಕೆರೆ ಬತ್ತಿದ್ದ ಹೋದ ಬೇಸಿಗೆಯಲ್ಲಿ ಪಟೇಲರಿಗೆ ಬಸವನ ಮೇಲೆ ಭಕ್ತಿ ಉಕ್ಕಿತು. ದೇವರ ಕಾಲು ಕೆಸರಿನಲ್ಲಿ ಹೂತಿರುವುದನ್ನು ನೋಡಲಾರದೆ, ಒಂದು ಮೊಳ ಎತ್ತರದ ಚಪ್ಪಡಿಪೀಠ ಮಾಡಿಸಿದರು. ಮದ್ದೂರಿನಲ್ಲಿ ಸೈಕಲ್ಲು, ಇಂಜಿನ್ನು ರಿಪೇರಿ ಮಾಡುವ ನಯಾಜ್ ಪಾಷಾ ತನ್ನ ಚೈನುರಾಟೆ ತಂದು, ಬಸವನನ್ನು ನಾಜೂಕಾಗಿ ಎತ್ತಿ ಪೀಠದ ಮೇಲೆ ಕೂರಿಸಿದ. ಊಟ ಹಾಕಿಸಿದರು, ಊರೆಲ್ಲ ಕೈಮುಗಿಯಿತು, ಮಂಚಮ್ಮನೂ ಮುಗಿದಳು. ಪಾಯಸ ಚೆನ್ನಾಗಿತ್ತು.

ಹೀಗಿರುವಾಗ ಸಾವಿರದ ಒಂಬೈನೂರ ನಲವತ್ತಾರನೇ ಇಸವಿ ನವೆಂಬರಿನ ಕೊನೆಯಲ್ಲಿ, ಅಂಡಮಾನಿನ ಕೆಳಗೆ ಎಲ್ಲೋ, ಸಮುದ್ರದ ಮೇಲಿನ ಒಂದಿಷ್ಟು ಗಾಳಿ ಕೆಲಸವಿಲ್ಲದೆ ತನ್ನ ಸುತ್ತಲೇ ಸುತ್ತತೊಡಗಿತು. ಸುತ್ತುತ್ತ ಸುತ್ತುತ್ತ ನೀರು ಕುಡಿಯಿತು, ಮೋಡ ಕಟ್ಟಿಕೊಂಡಿತು, ನಿಧಾನವಾಗಿ ಪಡುವಣಕ್ಕೆ ಹೊರಟಿತು. ಮಂಚಮ್ಮನಿಗೆ ಈ ಸುದ್ದಿ ತಲುಪಿದ್ದು ನಯಾಜ್ ಪಾಷಾನಿಂದ. ಪಟೇಲರ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಹೊಸದಾಗಿ ಹಾಕಿದ್ದ ಆಯಿಲ್ ಇಂಜಿನ್ನು ಆ ವಾರ ಮೂರು ಸಲ ಕೆಟ್ಟಿತ್ತು. ನಯಾಜ್ ಬಿಡಿಭಾಗಗಳನ್ನು ಸುತ್ತಿ ತರುತ್ತಿದ್ದ ಪೇಪರಿನಲ್ಲಿ ಆ ತುಫಾನಿನ ಪ್ರಯಾಣವೂ ಕಂತುಕಂತಾಗಿ ಬರುತ್ತಿತ್ತು.

ಸೋಮವಾರದ ಪೇಪರಿನಲ್ಲಿ ಅದು ಸಮುದ್ರದಲ್ಲಿತ್ತು. ಬುಧವಾರದ್ದರಲ್ಲಿ ಕಡಲೂರಿನ ಹತ್ತಿರ ದಡ ಹತ್ತಿ, ಹತ್ತಿಪ್ಪತ್ತು ಗುಡಿಸಲಿನ ಸೂರು ಹಾರಿಸಿ, ಅಷ್ಟಕ್ಕೇ ಸುಸ್ತಾಗಿತ್ತು. ನಯಾಜ್ ಆಲೆಮನೆಯ ಕಟ್ಟೆಯ ಮೇಲೆ ಕೂತು ಗ್ರೀಸು ಅಂಟಿದ ಹಾಳೆಯನ್ನು ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದ.

"'ತುಫಾನು ದುರ್ಬಲವಾಗಿದ್ದು, ಒಳನಾಡಿಗೆ ಬಂದಂತೆ ಗಾಳಿಯ ಬಲ ಪೂರ್ತಿ ಕುಗ್ಗಿದೆ. ಆತಂಕಪಡುವ ಕಾರಣವಿಲ್ಲ.' ತಕಳಿ, ಆಗೋಯ್ತು ಅದರ ಕತೆ."

"ನಮ್ ಫ್ಯಾಕ್ಟರೀಲಿ ಸೀಟಿ ಊದಿದ್ರೆ ಇದ್ಕಿಂತ ಜೋರಾಗಿ ಗಾಳಿ ಬತ್ತದೆ" ಎಂದ ಸಿದ್ದರಾಮು. ಎಲ್ಲರೂ ನಕ್ಕರು. ಪಟೇಲರು ಕೋಡಿಯ ಕೆಳಗಿನ ತಮ್ಮ ಗದ್ದೆಯಲ್ಲಿ ಅವತ್ತೇ ಭತ್ತ ಕುಯ್ಯಿಸಿ ಹಾಸಿದ್ದರು. ಎರಡು ದಿನ ಒಣಗಲಿ ಎಂದು ಹಾಗೇ ಬಿಟ್ಟರು.

ಗುರುವಾರ ಬೆಳಗ್ಗೆ ಆ ಸುಸ್ತಾದ ತುಫಾನು ಹೊಸೂರು, ಕನಕಪುರದ ಮೇಲೆ ಹಾದು ಮಳವಳ್ಳಿ ಸೀಮೆಗೆ ಬಂದು, ಮುಂದಕ್ಕೆ ಹೋಗಲು ಮನಸ್ಸಾಗದೆ ಅಲ್ಲೇ ಕುಕ್ಕರಿಸಿತು. ಗಾಳಿಯನ್ನೆಲ್ಲ ದಾರಿಯಲ್ಲಿ ಕಳೆದುಕೊಂಡಿತ್ತು, ನೀರನ್ನು ಮಾತ್ರ ಜೋಪಾನವಾಗಿ ತಂದಿತ್ತು. ಹೊಂಗೆಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಮಳೆ ನೇರವಾಗಿ, ಒಂದೇ ಸಮನೆ ಬೀಳುತ್ತಿತ್ತು. ಇಂಜಿನ್ ನೋಡಲು ಬಂದಿದ್ದ ನಯಾಜ್ ವಾಪಸು ಹೊರಟರೆ ದಾರಿಯ ಹಳ್ಳ ತುಂಬಿಕೊಂಡಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಆಲೆಮನೆಗೇ ಹಿಂತಿರುಗಿದ.

ಮಂಚಮ್ಮ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೆರೆಯ ಏರಿಯ ಮೇಲೆ ನಿಂತಳು. ಇಂಥ ಮಳೆ ಕಂಡಾಗ ಗಂಡ ಹೇಳುತ್ತಿದ್ದುದು ನೆನಪಾಯಿತು: "ಗಾಳಿ ಇರೋ ಮಳೆಗೆ ಓಗಕ್ಕೆ ಬ್ಯಾರೆ ಊರು ಇರ್ತದೆ ಕಣೆ. ಇದು ಎಲ್ಲೂ ಓಗಾಕಿಲ್ಲ." ಕೆರೆ ಕಣ್ಣೆದುರಿಗೇ ತುಂಬುತ್ತಿತ್ತು. ಅವಳಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಕೋಡಿ ಹರಿದರೆ ರುಮಾಲಿನ ತೀರ್ಮಾನ ಆಗಲೇಬೇಕು. ಆ ರುಮಾಲು ಅವಳಿಗೆ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಬಸವನ ಕಡೆ ನೋಡಿದಳು. ನೀರು ಇನ್ನೂ ಪೀಠದ ಅಂಚಿಗೆ ಬಂದಿತ್ತು, ಅಷ್ಟೇ. ದೇವರ ಮಡಿಸಿದ ಕಾಲಿಗೂ ಮುಟ್ಟಿರಲಿಲ್ಲ. ಗಂಟೆ ನೆನೆಯಲು ಇನ್ನೂ ಒಂದು ಮೊಳ ಬೇಕು, ಅವಸರವಿಲ್ಲ ಎಂದುಕೊಂಡು ತೂಬು ನೋಡಲು ಏರಿಯ ಒಳಮೈಯ ಮೆಟ್ಟಿಲು ಇಳಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದಕ್ಕೆ ಕಾಲು ಇಟ್ಟರೆ ನೀರಿಗೆ ಬಿತ್ತು.

ಅವಳು ಕಾಲನ್ನು ಹಾಗೇ ಇಟ್ಟುಕೊಂಡು ನಿಂತಳು. ಚಿಕ್ಕಬೋರಯ್ಯ ಗಂಟೆ ನೆನೆದ ದಿನವೆಲ್ಲ ಮೆಟ್ಟಿಲು ಎಣಿಸುತ್ತಿದ್ದ. ಆ ದಿನ ಯಾವಾಗಲೂ ಐದೇ ಮೆಟ್ಟಿಲು ನೀರಿನ ಮೇಲಿರುತ್ತಿದ್ದವು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಇವತ್ತೂ ಐದು. ಆದರೆ ಬಸವನ ಕಾಲಿಗೂ ನೀರು ಮುಟ್ಟಿಲ್ಲ. ಕೂತ ಬಸವ ಎದ್ದು ನಿಂತನೇ ಎಂದು ತಿರುಗಿ ನೋಡಿದಳು. ಬಸವ ಕೂತೇ ಇದ್ದ, ಪಟೇಲರ ಪೀಠದ ಮೇಲೆ, ಒಂದು ಮೊಳ ಎತ್ತರದಲ್ಲಿ.

ಆಗ ಅವಳಿಗೆ ಲೆಕ್ಕ ಹೊಳೆಯಿತು. ಒಂದು ಮೊಳವೆಂದರೆ ಮೂರು ಮೆಟ್ಟಿಲು. ಗಂಟೆ ನೆನೆಯಲಿ ಎಂದು ಕಾಯುತ್ತ ಕೂತರೆ ಏರಿಯ ತಲೆಗೆ ಉಳಿಯುವುದು ಎರಡೇ ಮೆಟ್ಟಿಲು. ಅಷ್ಟು ಹೊತ್ತಿಗೆ ಅಡ್ಡಗಟ್ಟೆಯನ್ನು ಯಾರು ಹೋಗಿ ಬಿಚ್ಚುತ್ತಾರೆ? ಏರಿಯ ಕೆಳಗೇ ಕೆಳಗೇರಿ, ನಲವತ್ತು ಮನೆ, ಅದರಲ್ಲಿ ಅವಳದೂ ಒಂದು. ಬಸವನನ್ನು ಎತ್ತಿ ಕೂರಿಸಿದ ದಿನ ಊರಿಗೂರೇ ನಿಂತಿತ್ತು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ತನಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ನೆಟ್ಟಗೆ ಪಟೇಲರ ಮನೆಗೆ ಹೋದಳು. ಪಟೇಲರು ಜಗಲಿಯ ಮೇಲೆ ಹುರಿಗಡಲೆ ತಿನ್ನುತ್ತ ಮಳೆ ನೋಡುತ್ತಿದ್ದರು. ಪಕ್ಕದಲ್ಲಿ ಸಿದ್ದರಾಮು ಕ್ರಾಪು ಬಾಚಿಕೊಂಡು ಕೂತಿದ್ದ. ಕೆರೆ ತುಂಬುತ್ತಿದೆಯಲ್ಲ, ರುಮಾಲಿನ ದಿನ ಹತ್ತಿರ ಬಂತೆಂದು ತಲೆಯನ್ನು ತಯಾರು ಮಾಡಿಟ್ಟುಕೊಂಡಿದ್ದ.

"ಕೋಡಿ ಬಿಚ್ಬೇಕು ಸ್ವಾಮಿ. ನಿಮ್ ಭತ್ತ ಎತ್ತುಸ್ಬುಡಿ" ಎಂದಳು ಮಂಚಮ್ಮ.

"ಗಂಟೆ ನೆಂದದಾ?"

"ಇಲ್ಲ."

"ಮತ್ತೆ?"

"ಗಂಟೆ ಇನ್ನ ನೆನೆಯಾಕಿಲ್ಲ. ನೀವು ಬಸವನ್ನ ಒಂದು ಮೊಳ ಎತ್ತುಸುದ್ರಿ. ಕೆರೆ ಏರಿ ಎತ್ತುಸ್ಲಿಲ್ಲ."

ಪಟೇಲರ ಕೈ ಕಡಲೆಯ ತಟ್ಟೆಯಲ್ಲೇ ನಿಂತಿತು. "ನಾನು ದೇವ್ರ ಸೇವೆ ಮಾಡುದ್ರೆ ಅದ್ರಲ್ಲೂ ಕೊಂಕು ತೆಗೀತೀಯಲ್ಲ ಮಂಚಮ್ಮ. ಎಲ್ಡು ವರ್ಸದಿಂದ ಕಾದು ಬಂದಿರೋ ನೀರು ಕಣಮ್ಮ ಇದು. ನೀನು ಇವತ್ತು ಬಿಚ್ಬುಟ್ಟು, ನಾಳೀಕೆ ಮಳೆ ನಿಂತೋದ್ರೆ ಬ್ಯಾಸ್ಗೆಗೆ ಏನ್ ಮಾಡಾನ? ಕಟ್ಟಳೆ ಮೀರ್ಬ್ಯಾಡ."

"ಪೇಪರ್ನಾಗೇ ಬಂದದೆ, ತುಪಾನಿಗೆ ಬಲ ಇಲ್ಲ ಅಂತ" ಎಂದ ಸಿದ್ದರಾಮು. "ಪೇಪರ್ನೋರಿಗಿಂತ ನಿಂಗೊತ್ತಾ?"

"ಪೇಪರ್ನೋರು ನಮ್ ಕೆರೆ ಮೆಟ್ಲು ಎಣಿಸವ್ರೇನ್ಲಾ?"

ಸಿದ್ದರಾಮು ಕ್ರಾಪು ಸವರಿಕೊಂಡ. ಪಟೇಲರು ತಟ್ಟೆ ಪಕ್ಕಕ್ಕೆ ಸರಿಸಿದರು. "ಗಂಟೆ ನೆನೆಯಕ್ಕೆ ಮುಂಚೆ ಕೋಡಿ ಮುಟ್ಟಿದ್ಯೋ, ರುಮಾಲು ಅವನ ತಲೆಗೆ. ತಿಳ್ಕಂಡು ಮಾಡು" ಎಂದರು. ಅಪರೂಪಕ್ಕೆ ಒಂದು ತೀರ್ಮಾನ ಮಾಡಿದ್ದಕ್ಕೆ ಅವರಿಗೇ ಆಶ್ಚರ್ಯವಾದಂತಿತ್ತು.

ಮಂಚಮ್ಮ ಮಳೆಯಲ್ಲಿ ನಡೆದು ಬಂದಳು. ಬಿಚ್ಚಿ, ಸಂಜೆಗೆ ಮಳೆ ನಿಂತುಹೋದರೆ ಊರಿನವರು ತನ್ನ ಮುಖಕ್ಕೆ ಉಗಿಯುತ್ತಾರೆ, ಬಿಚ್ಚದಿದ್ದರೆ ಉಗಿಯಲು ಮುಖವೇ ಉಳಿಯುವುದಿಲ್ಲ. ಇಷ್ಟು ಲೆಕ್ಕ ಹಾಕಲು ಕೆಳಗೇರಿಯವರೆಗಿನ ದಾರಿ ಸಾಕಾಯಿತು. ರುಮಾಲು ಹೋಯಿತು ಎಂದುಕೊಂಡಳು.

ಆದರೂ ಒಬ್ಬರ ಕುಯ್ದ ಭತ್ತದ ಮೇಲೆ ನೀರು ಹರಿಸಲು ಅವಳ ಕೈ ಬರಲಿಲ್ಲ. ಕೆಳಗೇರಿಯ ಬಾಗಿಲು ಬಾಗಿಲಿಗೂ ಹೋಗಿ ಹೆಂಗಸರನ್ನು ಕರೆದಳು. "ಪಟೇಲ್ರ ಭತ್ತ ಹೊರ್ಬೇಕು, ಬನ್ನಿ" ಎಂದಳು. ಮೆಟ್ಟಿಲಿನ ಲೆಕ್ಕ ಹೇಳಿದ ಮೇಲೆ ಯಾರೂ ಎರಡನೇ ಮಾತು ಕೇಳಲಿಲ್ಲ. ಮೂವತ್ತು ಹೆಂಗಸರು ಸೆರಗು ಸಿಕ್ಕಿಸಿ ಗದ್ದೆಗೆ ಇಳಿದರು. ನೆಂದ ಹೊರೆಗಳು ತಲೆಯ ಮೇಲೇರಿ ಸಾಲಾಗಿ ಆಲೆಮನೆಯ ಕಡೆಗೆ ಹೊರಟವು. ಅಲ್ಲಿ ಒಲೆಯ ಮುಂದೆ ಬೆಚ್ಚಗೆ ಕೂತಿದ್ದ ನಯಾಜ್ ಪಾಷಾನ ಸುತ್ತ ಭತ್ತ ಬೆಳೆಯತೊಡಗಿತು. ಅವನು ಮೊದಲು ಸೈಕಲ್ಲನ್ನು ಸರಿಸಿದ, ಆಮೇಲೆ ತಾನು ಸರಿದ, ಕೊನೆಗೆ ಸರಿಯಲು ಜಾಗವಿಲ್ಲದೆ ಇಂಜಿನ್ನಿನ ಮೇಲೆ ಹತ್ತಿ ಕೂತ.

ಪಟೇಲರಿಗೆ ಯಾರೋ ಹೋಗಿ ಹೇಳಿದ್ದು ಇಷ್ಟೆ: ಕೆಳಗೇರಿಯವರು ಹಗಲುಹೊತ್ತಿನಲ್ಲೇ ನಿಮ್ಮ ಭತ್ತ ಹೊತ್ತುಕೊಂಡು ಹೋಗುತ್ತಿದ್ದಾರೆ. ಪಟೇಲರು ಛತ್ರಿ ಬಿಚ್ಚುವುದನ್ನೂ ಮರೆತು, ಅದನ್ನು ದೊಣ್ಣೆಯ ಹಾಗೆ ಹಿಡಿದು ಓಡಿಬಂದರು. ಹಿಂದೆ ಸಿದ್ದರಾಮು. ಗದ್ದೆ ಖಾಲಿಯಾಗಿತ್ತು. ಹೊರೆಗಳ ಸಾಲಿನ ಹಿಂದೆ ಹೋಗಿ ನೋಡಿದರೆ ಕಳ್ಳಮಾಲು ಬಂದು ಸೇರಿದ್ದು ಅವರದೇ ಆಲೆಮನೆಗೆ.

"ನನ್ ಭತ್ತ ಕದ್ದು ನಮ್ ಆಲೆಮನೇಲೇ ಯಾಕೆ ಇಡ್ತಾ ಇದ್ದಾರೆ?" ಎಂದು ಪಟೇಲರು ನಯಾಜ್‌ನನ್ನು ಕೇಳಿದರು.

"ನನಗೇನು ಗೊತ್ತು ಪಟೇಲ್ರೇ, ನನ್ನನ್ನೂ ಸೇರಿಸಿ ಬಣವೆ ಹಾಕ್ತಾ ಇದ್ದಾರೆ" ಎಂದ ನಯಾಜ್ ಮೇಲಿನಿಂದ. "ಆದ್ರೆ ಒಂದು ಮಾತು. ಪೀಠ ಒಂದು ಮೊಳ ಸರಿಯಾಗಿ ಇದೆ, ನಾನೇ ಅಳತೆ ಮಾಡಿದ್ದು. ಆ ಅಕ್ಕ ಹೇಳೋದು ಸುಳ್ಳಲ್ಲ."

ಅವರು ಕೋಡಿಗೆ ಬರುವಷ್ಟರಲ್ಲಿ ಮಂಚಮ್ಮ ಸೊಂಟದ ಮಟ್ಟ ನೀರಿನಲ್ಲಿ ನಿಂತು ಗೂಟ ಅಲ್ಲಾಡಿಸುತ್ತಿದ್ದಳು. ನೀರಿನ ಮೇಲಿದ್ದ ಮೆಟ್ಟಿಲು ಈಗ ನಾಲ್ಕು.

"ಕೈ ತೆಗಿ. ನೀನು ಇವತ್ತಿಂದ ನೀರುಗಂಟಿ ಅಲ್ಲ" ಎಂದು ಕೂಗಿದರು ಪಟೇಲರು.

"ಆಗ್ಲಿ ಸ್ವಾಮಿ. ಇದೊಂದು ಕೆಲ್ಸ ಮುಗುಸ್ಬುಟ್ಟು ಬತ್ತೀನಿ."

ಮಾತಾಡುತ್ತಲೇ ಮೊದಲ ಗೂಟ ಕಿತ್ತಳು. ಗರಿಕೆ ಹೆಂಟೆಗಳು ಒಂದೊಂದಾಗಿ ಸಡಿಲವಾದವು. ನಡುವಿನ ದೊಡ್ಡ ಗೂಟ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಅವಳು ಎರಡು ಸಲ ಜಾರಿದಳು. ಮೂರನೇ ಸಲ ಜಾರಿದಾಗ ಪಕ್ಕದಲ್ಲಿ ಯಾರೋ ಧೊಪ್ಪನೆ ಇಳಿದರು. ನೋಡಿದರೆ ಸಿದ್ದರಾಮು. ಮುಖ ಬಿಳಿಚಿಕೊಂಡಿತ್ತು, ಕ್ರಾಪು ಹಣೆಗೆ ಅಂಟಿತ್ತು.

"ನಾನು ಎಳೀತೀನಿ ಅತ್ಗೆ. ನೀನು ನನ್ನ ಹಿಡ್ಕೊ, ನಂಗೆ ಈಜು ಬರಾಕಿಲ್ಲ" ಎಂದ.

ಅವನು ಗೂಟ ಹಿಡಿದ, ಅವಳು ಅವನ ಸೊಂಟದ ಪಟ್ಟಿ ಹಿಡಿದಳು. ಗೂಟ ಬಂತು. ಅಡ್ಡಗಟ್ಟೆ ಒಂದೇ ಉಸಿರಿಗೆ ಕುಸಿದು, ನೀರು ಪಟೇಲರ ಖಾಲಿ ಗದ್ದೆಯ ಮೇಲೆ ಕೆಂಪಗೆ ಹರಿಯಿತು. ಪಟೇಲರು ಮುಚ್ಚಿದ ಛತ್ರಿ ಹಿಡಿದು ನೆನೆಯುತ್ತ ನಿಂತಿದ್ದರು. ಮನೆಗೆ ಹೋಗಲಿಲ್ಲ.

ಮಳೆ ಆ ಸಂಜೆ ನಿಲ್ಲಲಿಲ್ಲ, ರಾತ್ರಿಯೂ ನಿಲ್ಲಲಿಲ್ಲ. ಬೆಳಕು ಹರಿದಾಗ ಊರೆಲ್ಲ ಏರಿಯ ಮೇಲಿತ್ತು. ಕೋಡಿ ತನ್ನ ಪೂರ್ತಿ ಅಗಲಕ್ಕೆ ಹೋ ಎಂದು ಹೋಗುತ್ತಿದ್ದರೂ ಕೆರೆಯ ನೀರು ಇನ್ನೂ ಮೇಲಕ್ಕೇ ಬಂದಿತ್ತು. ಮೆಟ್ಟಿಲು ಎಣಿಸುವ ಕಷ್ಟ ಯಾರಿಗೂ ಇರಲಿಲ್ಲ. ಉಳಿದದ್ದು ಎರಡು. ಆಗ ಹೆಂಗಸೊಬ್ಬಳು ಬಸವನ ಕಡೆ ಕೈ ತೋರಿಸಿದಳು. ನೀರಿನ ಒಂದು ಸಣ್ಣ ಅಲೆ ಬಂದು ಗಂಟೆಯನ್ನು ಮುಟ್ಟಿ ಹೋಯಿತು. ಇನ್ನೊಂದು ಬಂತು. ಗಂಟೆ ನೆನೆಯಿತು. ಕಟ್ಟಳೆಯ ಪ್ರಕಾರ ಕೋಡಿ ಬಿಚ್ಚುವ ಗಳಿಗೆ ಅದು.

ಅಡ್ಡಗಟ್ಟೆ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಸೂರಿನ ಕಡೆ ನೋಡಿ ಲೆಕ್ಕ ಹಾಕಿಕೊಂಡರು. ಪಟೇಲರು ಬಹಳ ಹೊತ್ತು ಗಂಟೆಯನ್ನೇ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮೂರನೇ ಮೆಟ್ಟಿಲು ಕಾಣಿಸಿತು, ಸಂಜೆಗೆ ನಾಲ್ಕನೆಯದು.

ಬಲವಿಲ್ಲದ ಆ ತುಫಾನು ಕೊಡಗಿನ ಕಡೆ ಹೋಗಿ ಕರಗಿತಂತೆ. ಮದ್ದೂರಿನಲ್ಲಿ ಶಿಂಷಾ ಹೊಳೆ ಉಕ್ಕಿ ರೈಲು ಒಂದು ದಿನ ನಿಂತಿತು. ಮಂಡ್ಯದ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಕೆಸರಿನಲ್ಲಿ ಹೂತುಕೊಂಡವು. ಮಳವಳ್ಳಿಯ ಕಡೆ ನಾಲ್ಕು ಕೆರೆ ಒಡೆದವು. ಈ ಸುದ್ದಿಯನ್ನೆಲ್ಲ ಪೇಪರು ಓದಿ ಹೇಳಿದವನು ಮತ್ತೆ ನಯಾಜನೇ. ಈ ಸಲ ಯಾರೂ ನಗಲಿಲ್ಲ.

ಭಾನುವಾರ ಬಿಸಿಲು ಬಂತು. ಪಟೇಲರು ಪೆಟ್ಟಿಗೆಯಿಂದ ಕೆಂಪಂಚಿನ ರುಮಾಲು ತೆಗೆಸಿ, ಕಾಯಿ ಹಣ್ಣು ಹಿಡಿಸಿ, ಊರನ್ನೆಲ್ಲ ಕರೆದುಕೊಂಡು ಕೋಡಿಗೆ ಬಂದರು. ರುಮಾಲು ಯಾರ ತಲೆಗೆ ಎಂದು ಯಾರೂ ಕೇಳಲಿಲ್ಲ. ಸಿದ್ದರಾಮು ತಲೆ ಬಾಚಿರಲಿಲ್ಲ.

"ತಲೆ ಬಗ್ಗುಸು ಮಂಚಮ್ಮ" ಎಂದರು ಪಟೇಲರು.

ಎರಡು ವರ್ಷದಿಂದ ಅವಳು ಕಾದದ್ದು ಈ ಮಾತಿಗೇ. ಆದರೆ ತಲೆ ಬಗ್ಗಲಿಲ್ಲ. "ಮೊದ್ಲು ಬಸವನ್ನ ಇಳುಸಿ ಸ್ವಾಮಿ" ಎಂದಳು. "ನಾನಾದ್ರೆ ಮೆಟ್ಲು ಎಣಿಸ್ತೀನಿ. ನಾನು ಸತ್ ಮ್ಯಾಕೆ ಬರೋರು ಗಂಟೆ ನೋಡ್ತಾರೆ."

ಪಟೇಲರು ಪೀಠದ ಕಡೆ ನೋಡಿದರು. ತಮ್ಮ ಹೆಸರನ್ನು ಅದರ ಮೇಲೆ ಎಷ್ಟು ಚೆಂದವಾಗಿ ಕೆತ್ತಿಸಿದ್ದರು. ರುಮಾಲನ್ನು ನಿಧಾನವಾಗಿ ಮಡಿಸಿ ಬಗಲಲ್ಲಿ ಇಟ್ಟುಕೊಂಡರು. ರುಮಾಲು ಮತ್ತೆ ಹೋಯಿತು ಎಂದುಕೊಂಡಳು ಮಂಚಮ್ಮ.

"ಪಾಷಾ, ಚೈನುರಾಟೆ ಯಾವಾಗ ತರ್ತೀಯಪ್ಪ?" ಎಂದರು ಪಟೇಲರು.

ಹಳ್ಳ ಇಳಿದು, ಚೈನುರಾಟೆ ಬರಲು ನಾಲ್ಕು ದಿನ ಹಿಡಿಯಿತು. ನಾಲ್ಕು ದಿನವೂ ರುಮಾಲು ಪಟೇಲರ ಬಗಲಲ್ಲೇ ಇತ್ತು, ಉಣ್ಣುವಾಗಲೂ. ಬಸವ ಮತ್ತೆ ತನ್ನ ಹಳೆಯ ಜಾಗಕ್ಕೆ ಇಳಿದು, ಮಡಿಸಿದ ಕಾಲು ಮುಳುಗುವಷ್ಟು ನೀರಿನಲ್ಲಿ ಕೂತ. ಪೀಠವನ್ನು ಏರಿಯ ಮೇಲೆ ಹೊಂಗೆಮರದ ಕೆಳಗೆ ಹಾಕಿದರು. ಪಟೇಲರು ಅದರ ಮೇಲೆ ಕೂತು ನೋಡಿ, ಕೆರೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದರು.

ಆಮೇಲೆ ಎದ್ದು ರುಮಾಲು ಬಿಡಿಸಿದರು. ಮಂಚಮ್ಮ ತಲೆ ಬಗ್ಗಿಸಿದಳು. ಪಟೇಲರು ಜೀವಮಾನದಲ್ಲಿ ತುರುಬಿನ ಮೇಲೆ ರುಮಾಲು ಸುತ್ತಿದವರಲ್ಲ. ಒಂದು ಸಲ ಎಡಕ್ಕೆ ಜಾರಿತು, ಇನ್ನೊಂದು ಸಲ ಕಣ್ಣಿನ ಮೇಲೆ ಬಂತು. "ತನ್ನಿ ಇಲ್ಲಿ" ಎಂದು ಸಿದ್ದರಾಮು ಮುಂದೆ ಬಂದ. ತುರುಬಿನ ಕೆಳಗಿನಿಂದ ತಂದು, ಎರಡು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದ. ಅದು ಮತ್ತೆ ಜಾರಲಿಲ್ಲ.

ಮಂಚಮ್ಮನಿಗೆ ಅಳು ಬಂತು. ಗಂಡ ಇದನ್ನು ನೋಡಬೇಕಾಗಿತ್ತು ಎನ್ನಿಸಿತು. ಊರೆಲ್ಲ ನೋಡುತ್ತಿರುವಾಗಲೇ ಕಣ್ಣೊರೆಸಿಕೊಂಡು ಕೆರೆಯ ಕಡೆ ತಿರುಗಿದಳು. ನೀರು ಬಸವನ ಗಂಟೆಗಿಂತ ಒಂದು ಗೇಣು ಕೆಳಗೆ ಇಳಿದಿತ್ತು, ಕೋಡಿಯಲ್ಲಿ ಇನ್ನೂ ಸುಮ್ಮನೆ ಹರಿದು ಹೋಗುತ್ತಿತ್ತು.

"ನೀರು ಪೋಲಾಯ್ತಾ ಅದೆ. ಗರಿಕೆ ಹೆಂಟೆ ಹೊತ್ಕಂಡ್ ಬಾ ಲಾ ಸಿದ್ದರಾಮು, ಕೋಡಿ ಕಟ್ಟಾನ" ಎಂದಳು.

"ಬಂದೆ, ನೀರುಗಂಟಮ್ಮ" ಎಂದು ಸಿದ್ದರಾಮು ಗುದ್ದಲಿ ಎತ್ತಿಕೊಂಡ.